ಬೆಕ್ಕಿಗೆ ಬೈದ ಬೇಕರಿಯವನು

ಬೆಳಗಿನ ಜಾವ ಎರಡೂವರೆಗೆ ಎದ್ದು ಹಿಟ್ಟಿಗೆ ಕೈ ಹಾಕುವವನಿಗೆ, ರಾತ್ರಿ ಕೂತು ಎರಡು ಗಂಟೆ ಹದಿಮೂರು ನಿಮಿಷದ ಸಿನಿಮಾ ನೋಡುವುದು ಸಣ್ಣ ಮಾತಲ್ಲ. ಅದೂ ಕಪ್ಪು ಬಿಳುಪು. ಅದೂ ಫ್ರೆಂಚ್. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಮುಗಿಸುವಷ್ಟರಲ್ಲಿ ಮುಂದಿನ ಮಾತು ಬಂದುಬಿಟ್ಟಿರುತ್ತದೆ. ಆದರೂ ‘ಲಾ ಫಾಮ್ ದ್ಯು ಬುಲಾಂಜೆ’, ಅಂದರೆ ‘ಬೇಕರಿಯವನ ಹೆಂಡತಿ’, ಇದನ್ನು ನಾನು ಮೂರು ಸಲ ನೋಡಿದೆ. ಒಂದು ಸಲ ಮನೆಯವಳ ಜೊತೆ ವಾದ ಮಾಡಿಕೊಂಡು, ಒಂದು ಸಲ ಒಬ್ಬನೇ, ಇನ್ನೊಂದು ಸಲ ನಮ್ಮ ಬೇಕರಿಯ ಮಾಸ್ಟರ್‌ನ ಪಕ್ಕದಲ್ಲಿ ಕೂರಿಸಿಕೊಂಡು. ಕೊನೆಯ ಸಲದ್ದು ಕೊನೆಗೇ ಹೇಳುತ್ತೇನೆ.

ತಿಪಟೂರಿನಲ್ಲಿ ನಮ್ಮದು ಸಣ್ಣ ಬೇಕರಿ. ಅಣ್ಣ, ಅಂದರೆ ನಮ್ಮ ತಂದೆ, ಶುರು ಮಾಡಿದ್ದು. ಬ್ರೆಡ್ಡು, ಬನ್ನು, ಖಾರಾ ಬಿಸ್ಕತ್ತು, ದಿಲ್‌ಪಸಂದ್. ಈಗ ಡೀಸೆಲ್ ಓವನ್ ಇದೆ. ಹಿಂದುಗಡೆ ಇಟ್ಟಿಗೆಯ ಸೌದೆ ಒಲೆಯನ್ನು ಇನ್ನೂ ಒಡೆದಿಲ್ಲ, ಹಬ್ಬದ ಸೀಸನ್ನಿನಲ್ಲಿ ಹಚ್ಚುತ್ತೇವೆ. ಅಮೆರಿಕದಲ್ಲಿರುವ ನನ್ನ ಹಿರಿಯ ಸೋದರನ ಮಗ ಎರಡು ವರ್ಷದ ಹಿಂದೆ ಬಂದಾಗ ಒಂದು ಡಿಸ್ಕ್ ತಂದುಕೊಟ್ಟ. “ಚಿಕ್ಕಪ್ಪಾ, ಒಲೆ ಮುಂದೆ ನಿಂತಿರೋನ ಮೇಲೆ ಒಂದು ಸಿನಿಮಾ ಇದೆ, ನೀವು ನೋಡಲೇಬೇಕು” ಅಂದ. ಹಳೆಯ ಒಳ್ಳೆಯ ಸಿನಿಮಾಗಳನ್ನು ಡಿಸ್ಕಿನಲ್ಲಿ ತರುವ ಅಮೆರಿಕದ ಕಂಪನಿ ಕ್ರೈಟೀರಿಯನ್‌ನವರು 2019ರಲ್ಲಿ ತಂದ ಬ್ಲೂ-ರೇ. ಡಬ್ಬಿ ಚೆನ್ನಾಗಿತ್ತು, ಒಳಗೊಂದು ಮಡಿಸಿದ ಬರಹವೂ ಇತ್ತು. ಮನೆಯ ಪ್ಲೇಯರ್‌ಗೆ ಹಾಕಿದರೆ ಓಡಲೇ ಇಲ್ಲ. ಅಮೆರಿಕದ ಡಿಸ್ಕಿಗೆ ವಲಯ ‘ಎ’, ನಮ್ಮ ದೇಶ ಇರುವುದು ವಲಯ ‘ಸಿ’ಯಲ್ಲಿ. ಡಬ್ಬಿಯ ಹಿಂದೆಯೇ ಗುರುತು ಹಾಕಿದ್ದರು, ನೋಡದೆ ಹೋದ ತಪ್ಪು ನಮ್ಮದೇ. ಕೊನೆಗೆ ಪಕ್ಕದ ಬೀದಿಯ ಹುಡುಗ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಡ್ರೈವ್ ತಂದು ಏನೇನೋ ಒತ್ತಿ ಓಡಿಸಿಕೊಟ್ಟ. ಅವನಿಗೆ ಒಂದು ಡಜನ್ ಪಫ್ಸ್ ಸಂದಾಯವಾಯಿತು. ಈ ಡಿಸ್ಕ್ ತರಿಸುವ ಯೋಚನೆ ಇರುವವರು ಮೊದಲು ಪ್ಲೇಯರ್ ಯಾವ ವಲಯದ್ದೆಂದು ನೋಡಿಕೊಳ್ಳಿ. ಡಿಸ್ಕಿನ ವಿಮರ್ಶೆ ಸದ್ಯಕ್ಕೆ ಇಷ್ಟೇ, ಇನ್ನು ಸಿನಿಮಾ.

ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಬಹುದು. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಒಂದು ಬೆಟ್ಟದೂರಿಗೆ ಹೊಸದಾಗಿ ಒಬ್ಬ ಬೇಕರಿಯವನು ಬರುತ್ತಾನೆ. ಹೆಸರು ಎಮಾಬ್ಲ್. ಸೌಮ್ಯ, ಒಳ್ಳೆಯವನು ಅನ್ನುವ ಅರ್ಥವಂತೆ. ವಯಸ್ಸಾದವನು. ಹೆಂಡತಿ ಒರೆಲಿ ಚಿಕ್ಕವಳು, ಚೆಲುವೆ. ಬಂದು ಬ್ರೆಡ್ ಮಾಡಿ ಮಾರಿದ ಕೂಡಲೇ, ಊರಿನ ದೊಡ್ಡ ಜಮೀನುದಾರನ ಹತ್ತಿರ ಕುರಿ ಕಾಯುವ ಹುಡುಗನ ಜೊತೆ ಒರೆಲಿ ಓಡಿಹೋಗುತ್ತಾಳೆ, ಜಮೀನುದಾರನ ಕುದುರೆಯ ಮೇಲೇ. ಎಮಾಬ್ಲ್ ಒಲೆ ಹಚ್ಚುವುದನ್ನು ನಿಲ್ಲಿಸುತ್ತಾನೆ. ಅವಳು ಬರುವ ತನಕ ಬ್ರೆಡ್ ಇಲ್ಲ. ಮೊದಲು ನಕ್ಕ ಊರಿಗೆ ಆಮೇಲೆ ಹೊಟ್ಟೆ ಕಾಣುತ್ತದೆ.

ಇಷ್ಟೇ ಆಗಿದ್ದರೆ ಹಳ್ಳಿಕಟ್ಟೆಯ ಮೇಲಿನ ಪೋಲಿ ಕಥೆಯಾಗುತ್ತಿತ್ತು. ಆಗಿಲ್ಲ, ಯಾಕೆಂದರೆ ಇದರಲ್ಲಿ ಎಮಾಬ್ಲ್ ಒಂದೇ ಒಂದು ಹಟ ಹಿಡಿದಿದ್ದಾನೆ: ನನಗೇನೂ ಗೊತ್ತಿಲ್ಲ. ಹೆಂಡತಿ ಎಲ್ಲಿ? ಅವಳಮ್ಮನ ಮನೆಗೆ ಹೋಗಿದ್ದಾಳೆ. ಕುದುರೆ ಹತ್ತಿ ಹೋದದ್ದನ್ನು ಕಂಡವರಿದ್ದಾರಲ್ಲ? ಬೇರೆ ಯಾರೋ ಇರಬೇಕು. ಊರಿಗೆಲ್ಲ ಗೊತ್ತಿದೆ, ಅವನಿಗೂ ಗೊತ್ತಿದೆ, ನೋಡುವ ನಮಗೂ ಗೊತ್ತಿದೆ. ಅವನ ಬಾಯಿಂದ ಮಾತ್ರ ಅದು ಹೊರಗೆ ಬರುವುದಿಲ್ಲ. ಮೊದಮೊದಲು ಇವನು ಪೆದ್ದ ಅಂದುಕೊಂಡು ನಕ್ಕೆ. ಅರ್ಧ ದಾರಿಗೆ ಬರುವಾಗ ನನ್ನ ನಗು ನನಗೇ ಕಸಿವಿಸಿ ಮಾಡಿತು. ಒಪ್ಪಿಕೊಂಡುಬಿಟ್ಟರೆ ಅವಳು ವಾಪಸು ಬರುವ ಬಾಗಿಲನ್ನು ತಾನೇ ಮುಚ್ಚಿದ ಹಾಗೆ. ಅಮ್ಮನ ಮನೆಯಿಂದಾದರೆ ಯಾವ ಹೆಂಗಸು ಬೇಕಾದರೂ ವಾಪಸು ಬರಬಹುದು, ತಲೆ ತಗ್ಗಿಸಬೇಕಾಗಿಲ್ಲ. ಈ ಸುಳ್ಳನ್ನು ಅವನು ಒಲೆಯ ಕೆಂಡ ಆರದ ಹಾಗೆ ಕಾಯ್ದುಕೊಂಡಿರುತ್ತಾನೆ.

ಓಡಿಹೋಗುವ ಹಿಂದಿನ ರಾತ್ರಿಯ ದೃಶ್ಯವಂತೂ ಹೊಟ್ಟೆ ಹಿಂಡುತ್ತದೆ. ಕುರಿ ಕಾಯುವವರು ಗುಂಪು ಕಟ್ಟಿಕೊಂಡು ಬಂದು ಕಿಟಕಿಯ ಕೆಳಗೆ ಹಾಡುತ್ತಾರೆ. ಹಾಡು ಯಾರಿಗೆಂದು ಮಗುವಿಗೂ ತಿಳಿಯುತ್ತದೆ. ಎಮಾಬ್ಲ್‌ಗೆ ಮಾತ್ರ ಸಂತೋಷವೋ ಸಂತೋಷ, ತನ್ನ ಬ್ರೆಡ್ ಮೆಚ್ಚಿ ಊರು ತಮ್ಮಿಬ್ಬರನ್ನೂ ಸ್ವಾಗತಿಸಿದೆ ಅಂದುಕೊಳ್ಳುತ್ತಾನೆ. ಹಾಡಿದವರನ್ನು ಬರಿಗೈಯಲ್ಲಿ ಕಳಿಸುವುದೇ? ಫುಗಾಸ್ ಅಂತ ಅಲ್ಲಿಯದೊಂದು ಚಪ್ಪಟೆ ರೊಟ್ಟಿ ಇದೆ, ಅದನ್ನು ಅವರಿಗೆ ಕೊಡಿಸುತ್ತಾನೆ. ಕೊಡುವುದಕ್ಕೆ ಕೆಳಗೆ ಹೋಗುವವಳು ಒರೆಲಿ. ಹೆಂಡತಿಯನ್ನು ಕರೆದೊಯ್ಯಲು ಬಂದವನಿಗೆ ಗಂಡನೇ ಬುತ್ತಿ ಕಟ್ಟಿಕೊಟ್ಟ ಹಾಗಾಯಿತು.

ಮಾರನೆಯ ಬೆಳಗ್ಗೆ ಬ್ರೆಡ್ ಸುಟ್ಟ ವಾಸನೆ. ಇಲ್ಲಿ ನನ್ನದೊಂದು ಮಾತು ಸೇರಿಸಬೇಕು. ಸುಟ್ಟ ಅನ್ನದ ವಾಸನೆ ಬೇರೆ, ಸುಟ್ಟ ಬ್ರೆಡ್ಡಿನದು ಬೇರೆ. ಮೊದಲು ಸಕ್ಕರೆ ಕಂದುವ ಸಿಹಿ ವಾಸನೆ ಬರುತ್ತದೆ, ಆಗ ಇನ್ನೂ ಉಳಿಸಬಹುದು. ಆಮೇಲೆ ಮೂಗಿನ ಬುಡಕ್ಕೆ ಹೊಡೆಯುವ ಕಹಿ. ಅದು ಬಂದರೆ ಮುಗಿಯಿತು, ಅಷ್ಟೂ ಟ್ರೇ ಹಂದಿಗೆ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಅಣ್ಣ ಒಲೆಯ ಮುಂದೆಯೇ ಕೂತಿದ್ದರು, ಕಣ್ಣು ಬಿಟ್ಟುಕೊಂಡೇ ಕೂತಿದ್ದರು, ಆದರೂ ಅರವತ್ತು ಪೌಂಡು ಬ್ರೆಡ್ ಕರಿ ಇದ್ದಲಾಯಿತು. ಮನಸ್ಸು ಅಲ್ಲಿರಲಿಲ್ಲ, ಮೂಗೂ ಇರಲಿಲ್ಲ. ಹಾಗಾಗಿ ಎಮಾಬ್ಲ್ ಆ ಮೇಲೆ ನನ್ನ ಕೈಲಿ ಆಗುವುದಿಲ್ಲ ಅಂದದ್ದು ನನಗೆ ಬೆದರಿಕೆಯಾಗಿ ಕೇಳಿಸಲಿಲ್ಲ. ಊರನ್ನು ಹಸಿವಿಗೆ ಹಾಕಿ ಕೆಲಸ ಸಾಧಿಸುವ ಉಪಾಯ ಅಂತ ಕೆಲವರಿಗೆ ಅನ್ನಿಸಬಹುದು. ಒಲೆಯ ಮುಂದೆ ನಿಂತವನಿಗೆ ಗೊತ್ತು, ಅದು ಬರೀ ನಿಜ.

ಎಮಾಬ್ಲ್ ಆಗಿರುವವನು ರೇಮ್ಯು. ನಿಜವಾದ ಹೆಸರು ಜ್ಯೂಲ್ ಮ್ಯುರೇರ್, 1883ರಲ್ಲಿ ತುಲೋನ್‌ನಲ್ಲಿ ಹುಟ್ಟಿದವನು. ಮ್ಯುರೇರ್ ಅನ್ನುವುದನ್ನು ಹಿಂದುಮುಂದು ಮಾಡಿ ರೇಮ್ಯು ಆದ. ಕುಡಿಯುತ್ತಾ ಹಾಡು ಕೇಳುವ ಕೆಫೆಗಳ ವೇದಿಕೆಯಲ್ಲಿ ಜನರನ್ನು ನಗಿಸಿ ಬೆಳೆದ ನಟ. ದೊಡ್ಡ ಮೈ, ದೊಡ್ಡ ದನಿ. ಈ ಕಥೆಯ ಮೂಲ ಝಾಂ ಜಿಯೊನೊ ಅನ್ನುವ ಕಾದಂಬರಿಕಾರನ 1932ರ ‘ಝಾಂ ಲ ಬ್ಲ’ ಪುಸ್ತಕದ ಒಂದು ತುಣುಕು. ಅದರಲ್ಲಿ ಬೇಕರಿಯವನು ಸಣಕಲು, ಕೆಂಚು ಕೂದಲಿನ ಕುಳ್ಳ. ಸಣಕಲನ ಹೆಂಡತಿ ಓಡಿಹೋದರೆ ಅಯ್ಯೋ ಪಾಪ ಅನ್ನಿಸಿ ಮುಗಿಯುತ್ತದೆ. ಆನೆಯಂಥ ಮನುಷ್ಯ ಎಲ್ಲರ ಎದುರಿಗೆ ಸಣ್ಣಗಾಗುತ್ತಾ ಹೋಗುವುದನ್ನು ನೋಡುವುದೇ ಬೇರೆ. ರೇಮ್ಯು ಕೆಫೆಯಲ್ಲಿ ಕುಡಿದು, ಊರವರ ಮುಂದೆ ತಮಾಷೆಯ ವಸ್ತುವಾಗಿ ನಿಂತಾಗ, ನಗುತ್ತಿರುವ ಬಾಯಿ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಜೋರಾಗಿ ಅಳಬಲ್ಲ ನಟರು ಬೇಕಾದಷ್ಟಿದ್ದಾರೆ. ಅಳು ಬಂದದ್ದನ್ನು ಬೇರೆ ಏನೋ ಕೆಲಸವಿದ್ದ ಹಾಗೆ ಮಾಡಿ ಮುಚ್ಚುವವರು ಕಡಿಮೆ.

ಊರಿನ ಜನರ ಬಗ್ಗೆ ಎಷ್ಟು ಹೇಳಿದರೂ ತೀರದು. ಅಪ್ಪಂದಿರ ಕಾಲದ ಜಗಳವನ್ನು ಇನ್ನೂ ಮುಂದುವರಿಸಿಕೊಂಡು ಮಾತು ಬಿಟ್ಟವರಿದ್ದಾರೆ. ಇವನ ಮರದ ನೆರಳು ಅವನ ತೋಟಕ್ಕೆ ಬೀಳುತ್ತದೆ ಅಂತ ಮುಖ ತಿರುಗಿಸಿಕೊಂಡು ಓಡಾಡುತ್ತಾರೆ. ನಾಲ್ಕು ಜನ ‘ಸೋದರ ಸೊಸೆ’ಯರನ್ನು ಮನೆಯಲ್ಲಿಟ್ಟುಕೊಂಡ ಜಮೀನುದಾರನಿದ್ದಾನೆ, ಅವರು ಎಂಥಾ ಸೊಸೆಯರೆಂದು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಆ ಪಾತ್ರ ಮಾಡಿದ ಶಾರ್ಪಾಂ, ಪಾಪ ಮಾಡಿಯೂ ಹೇಗೆ ಗೌರವಸ್ಥನಾಗಿ ಬಾಳಬಹುದೆಂದು ಪಾಠ ಹೇಳುವ ಹಾಗೆ ನಡೆಯುತ್ತಾನೆ. ನನಗೆ ಬಹಳ ಹಿಡಿಸಿದ್ದು ಮೇಷ್ಟ್ರು ಮತ್ತು ಪಾದ್ರಿಯ ಕದನ. ಪಾದ್ರಿ ಎಳೆಯ ವಯಸ್ಸಿನವನು, ಮೇಷ್ಟ್ರು ದೇವರನ್ನು ನಂಬದವನು. ಮೇಷ್ಟ್ರು ತರಗತಿಯಲ್ಲಿ ಫ್ರಾನ್ಸಿನ ವೀರವನಿತೆ ಜೋನ್ ಆಫ್ ಆರ್ಕ್ ಪಾಠ ಮಾಡುತ್ತಾ, ಅವಳಿಗೆ ದೇವವಾಣಿ ಕೇಳಿಸಿದ ಹಾಗಾಯಿತು ಅಂದುಬಿಟ್ಟಿದ್ದಾನೆ. ಪಾದ್ರಿಗೆ ಬೆಂಕಿ. ಕೇಳಿಸಿದ ಹಾಗಾಯಿತು ಅಂದರೇನು, ಕೇಳಿಸಿತು ಅನ್ನಬೇಕು. ‘ಹಾಗಾಯಿತು’ ಅನ್ನುವ ಒಂದು ಪದದ ಮೇಲೆ ಇಡೀ ಊರು ಎರಡು ಪಾಲು.

ಮುಂದೆ ಇದೇ ಇಬ್ಬರು ಜೊತೆಯಾಗಿ ಒರೆಲಿಯನ್ನು ಕರೆತರಲು ಹೊರಡಬೇಕಾಗುತ್ತದೆ. ಅವಳು ಅಡಗಿರುವುದು ಜೌಗು ನೀರಿನ ನಡುವಿನ ನಡುಗಡ್ಡೆಯಲ್ಲಿ. ಪಾದ್ರಿಯ ನಿಲುವಂಗಿ ನೆನೆಯಬಾರದು. ಮೇಷ್ಟ್ರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿಯುತ್ತಾನೆ. ಧರ್ಮವನ್ನು ಹೊತ್ತ ನಾಸ್ತಿಕ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನೀರಿನಲ್ಲಿ ತಡವರಿಸುವ ಕಾಲು, ಮೇಲೆ ಕೂತವನ ಬಿಗುಮಾನ, ಅಷ್ಟು ಸಾಕಾಗುತ್ತದೆ. ನಾನು ಡ್ರೈವ್ ನಿಲ್ಲಿಸಿ ಎರಡು ಸಲ ನೋಡಿದೆ.

ಮಯಫೆರ್ ಅಂತ ಒಬ್ಬ ಮೀನು ಹಿಡಿಯುವವನಿದ್ದಾನೆ. ಪ್ರೇಮಿಗಳಿಬ್ಬರನ್ನೂ ಕಂಡವನು ಅವನೇ. ಇಡೀ ಊರು ಉಸಿರು ಬಿಗಿಹಿಡಿದು ಕಾದು ನಿಂತಿದೆ, ಈ ಮಹಾರಾಯ ಬೆಳಗ್ಗೆ ಎದ್ದಲ್ಲಿಂದ ಶುರು ಮಾಡುತ್ತಾನೆ. ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ನಮ್ಮ ಅಂಗಡಿಗೆ ಟೀ ಬನ್ ತಿನ್ನಲು ಬರುವ ಹಿರಿಯರೊಬ್ಬರು ಹೀಗೆಯೇ. ಬಸ್ಸು ತಪ್ಪಿದ ಸುದ್ದಿ ಹೇಳಲು ಅವರು ಹಿಂದಿನ ದಿನದ ಸಾರಿನಿಂದ ಪ್ರಾರಂಭಿಸುತ್ತಾರೆ.

ಇದನ್ನು ಬರೆದು, ನಿರ್ದೇಶಿಸಿ, ಹಣ ಹಾಕಿದವನು ಮಾರ್ಸೆಲ್ ಪಾನ್ಯೋಲ್. ಹುಟ್ಟಿದ್ದು 1895ರಲ್ಲಿ, ಮಾರ್ಸೇಯ್ ಪಕ್ಕದ ಒಬಾನ್ಯದಲ್ಲಿ. ತಂದೆ ಶಾಲಾ ಮೇಷ್ಟ್ರು, ಪಾದ್ರಿಗಳನ್ನು ಕಂಡರೆ ಆಗದವರು. ಸಿನಿಮಾದ ಮೇಷ್ಟ್ರು ಎಲ್ಲಿಂದ ಬಂದ ಅಂತ ಇನ್ನು ಹೇಳಬೇಕಾಗಿಲ್ಲ. ಪಾನ್ಯೋಲ್ ಮೊದಲು ನಾಟಕಕಾರ. 1928ರ ‘ತೊಪಾಜ್’, 1929ರ ‘ಮಾರಿಯುಸ್’ ಪ್ಯಾರಿಸ್ಸಿನಲ್ಲಿ ಅವನಿಗೆ ಹೆಸರನ್ನೂ ದುಡ್ಡನ್ನೂ ತಂದವು. ಮಾತಿನ ಸಿನಿಮಾ ಬಂದ ಕೂಡಲೇ, ನಾಟಕವನ್ನು ಎಲ್ಲ ಊರಿಗೂ ಹಂಚುವ ಯಂತ್ರ ಸಿಕ್ಕಿತು ಅಂತ ಬಹಿರಂಗವಾಗಿ ಬರೆದ. ಪ್ಯಾರಿಸ್ಸಿನ ಸಿನಿಮಾ ಪಂಡಿತರು ಡಬ್ಬಿಯಲ್ಲಿ ತುಂಬಿದ ನಾಟಕ ಅಂತ ಗೇಲಿ ಮಾಡಿದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮಾರ್ಸೇಯ್‌ನಲ್ಲೇ ಸ್ವಂತ ಸ್ಟುಡಿಯೊ, ಸ್ವಂತ ಕಂಪನಿ ಮಾಡಿಕೊಂಡ. ಹಿಟ್ಟು ಬೀಸುವುದರಿಂದ ಹಿಡಿದು ಬಿಲ್ ಹರಿಯುವ ತನಕ ಎಲ್ಲ ಒಂದೇ ಸೂರಿನಡಿ. ಈ ಲೆಕ್ಕದಲ್ಲಿ ಅವನೂ ನಮ್ಮವನೇ.

ಶೂಟಿಂಗ್ ನಡೆಯುವಾಗ ಅವನು ಕ್ಯಾಮೆರಾ ಪಕ್ಕದಲ್ಲಿ ನಿಲ್ಲದೆ ಧ್ವನಿಮುದ್ರಣದ ವ್ಯಾನಿನಲ್ಲಿ ಕೂತು ಬರೀ ಮಾತು ಕೇಳಿಸಿಕೊಳ್ಳುತ್ತಿದ್ದ, ಕಿವಿಗೆ ಸರಿ ಅನ್ನಿಸಿದರೆ ಶಾಟ್ ಓಕೆ ಅನ್ನುತ್ತಿದ್ದ ಅಂತ ಒಂದು ಪ್ರಸಿದ್ಧ ಕಥೆ ಇದೆ. ಸಿನಿಮಾ ನೋಡಿದರೆ ನಂಬಿಕೆ ಬರುತ್ತದೆ. ಕ್ಯಾಮೆರಾ ಅಂಥ ಕಸರತ್ತೇನೂ ಮಾಡುವುದಿಲ್ಲ, ಜನ ಮಾತಾಡುವ ಕಡೆ ತಿರುಗಿ ನಿಂತಿರುತ್ತದೆ. ಜಾರ್ಜ್ ಬೆನ್ವಾ ಹಿಡಿದ ಬಯಲಿನ ಬೆಳಕು ಸೊಗಸಾಗಿದೆ, ಆದರೆ ಹೊರಗಿನ ಬೀದಿಯಿಂದ ಸ್ಟುಡಿಯೊದ ಗೋಡೆಯೊಳಕ್ಕೆ ಬಂದದ್ದು ಕಣ್ಣಿಗೆ ಗೊತ್ತಾಗುತ್ತದೆ. ಇಡೀ ರುಚಿ ಇರುವುದು ಮಾತಿನಲ್ಲಿ, ಮಾತಿನ ಧಾಟಿಯಲ್ಲಿ. ದಕ್ಷಿಣದವರ ಫ್ರೆಂಚು ಪ್ಯಾರಿಸ್ಸಿನವರ ಹಾಗೆ ಮೂಗಿನಲ್ಲಿ ಮುಗಿಯುವುದಿಲ್ಲ, ಪದದ ಬಾಲವನ್ನೂ ಎಳೆದು ಹಾಡುತ್ತಾರೆ. ಭಾಷೆ ಬಾರದ ನನಗೇ ಅದು ಕೇಳಿಸಿತು. ಸಬ್‌ಟೈಟಲ್ಲಿನಲ್ಲಿ ಅದು ಬರುವುದಿಲ್ಲ, ಬರುವ ಹಾಗೂ ಇಲ್ಲ. ಧಾರವಾಡದ ಮಾತನ್ನೂ ಕುಂದಾಪುರದ ಮಾತನ್ನೂ ಒಂದೇ ಇಂಗ್ಲಿಷಿಗೆ ಇಳಿಸಿದರೆ ಏನು ಉಳಿದೀತೋ ಅಷ್ಟೇ ಇಲ್ಲಿ ಉಳಿದಿದೆ. ಮೊದಲ ಅರ್ಧ ಗಂಟೆ ಅಕ್ಷರ ಓದುವುದನ್ನು ಸ್ವಲ್ಪ ಬಿಟ್ಟು ದನಿ ಕೇಳಿ ಅಂತ ನನ್ನ ಸಲಹೆ.

ಜಿಯೊನೊನ ಬರಹದ ಮೇಲೆ ಪಾನ್ಯೋಲ್ ಇದಕ್ಕೆ ಮೊದಲೇ ಮೂರು ಚಿತ್ರ ಮಾಡಿದ್ದ: ‘ಜೊಫ್ರುವಾ’, 1934ರ ‘ಆಂಜೆಲ್’, 1937ರ ‘ರೆಗೇನ್’. ‘ರೆಗೇನ್’ಗಾಗಿ ಬೆಟ್ಟದ ಮೇಲೆ ಒಂದು ಪಾಳು ಊರನ್ನೇ ಕಟ್ಟಿಸಿದ. ಪಾಳು ಬಿದ್ದ ಹಾಗೆ ಹೊಸದಾಗಿ ಕಟ್ಟಿಸುವುದು ಎಂಥ ಕಷ್ಟದ ಕೆಲಸವೆಂದು ಗಾರೆಯವರನ್ನು ಕೇಳಿ. ಬೇಕರಿಯವನ ಕಥೆಗೆ ಮಾತ್ರ ಇದ್ದ ಊರೇ ಸಾಕಾಯಿತು, ವಾರ್ ಜಿಲ್ಲೆಯ ಲೆ ಕಾಸ್ತಲೆ. ಸಿನಿಮಾ ತೆರೆಕಂಡದ್ದು 1938ರ ಸೆಪ್ಟೆಂಬರಿನಲ್ಲಿ, ಹಿಟ್ಲರನನ್ನು ಸಮಾಧಾನಪಡಿಸಲು ಮ್ಯೂನಿಕ್ ಒಪ್ಪಂದವಾದ ತಿಂಗಳು. ಯುರೋಪಿನ ತಲೆಯ ಮೇಲೆ ಯುದ್ಧ ತೂಗುತ್ತಿರುವಾಗ ಜನ ಬ್ರೆಡ್ಡಿಲ್ಲದ ಊರಿನ ಕಥೆಗೆ ಕೂತು ನಕ್ಕರು. 1940ರಲ್ಲಿ ನ್ಯೂಯಾರ್ಕಿನ ವಿಮರ್ಶಕರ ಬಳಗ ಇದಕ್ಕೆ ಅತ್ಯುತ್ತಮ ವಿದೇಶಿ ಚಿತ್ರ ಅಂತ ಪ್ರಶಸ್ತಿ ಕೊಟ್ಟಾಗ ಪ್ಯಾರಿಸ್ ಜರ್ಮನರ ಕೈಯಲ್ಲಿತ್ತು. ಜಿಯೊನೊ ಪಾನ್ಯೋಲ್ ಸ್ನೇಹ ಹುಳಿಯಾಗಿ ಕೋರ್ಟು ಹತ್ತಿತು. ರೇಮ್ಯು 1946ರಲ್ಲಿ ತೀರಿಕೊಂಡ. ಅದೇ ವರ್ಷ ಪಾನ್ಯೋಲ್ ಫ್ರೆಂಚ್ ಭಾಷೆಯ ಹಿರಿಯರ ಸಭೆಯಾದ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ, ಸಿನಿಮಾ ಮಾಡುವವನೊಬ್ಬ ಆ ಬಾಗಿಲು ದಾಟಿದ್ದು ಅದೇ ಮೊದಲು.

ಈಗ ಬೆಕ್ಕಿನ ವಿಷಯ. ಈ ಸಿನಿಮಾ ಹೆಸರಾಗಿರುವುದೇ ಅದಕ್ಕೆ, ಹಾಗಾಗಿ ಹೇಳಿಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಎಮಾಬ್ಲ್‌ನ ಮನೆಯಲ್ಲಿ ಎರಡು ಬೆಕ್ಕು, ಗಂಡು ಪೊಂಪೊನ್, ಹೆಣ್ಣು ಪೊಂಪೊನೆಟ್. ಹೆಂಡತಿ ಹೋದ ಹೊತ್ತಿನಲ್ಲೇ ಪೊಂಪೊನೆಟ್ಟೂ ನಾಪತ್ತೆ. ಕೊನೆಗೆ ಒರೆಲಿ ಬರುತ್ತಾಳೆ. ಅವಳಿಗೆ ನಾಚಿಕೆಯಾಗಬಾರದೆಂದು ಊರಿನವರೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದಾರೆ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಎಮಾಬ್ಲ್ ಅವಳನ್ನು ಒಂದು ಮಾತೂ ಅನ್ನುವುದಿಲ್ಲ. ಊಟ ಮಾಡು ಅನ್ನುತ್ತಾನೆ. ಅವಳು ಕ್ಷಮಿಸು ಅನ್ನಲು ಹೊರಟರೆ, ಎಂಥದ್ದಕ್ಕೆ ಕ್ಷಮೆ ಅಂತ ಕೇಳುತ್ತಾನೆ. ಅಷ್ಟರಲ್ಲಿ ಪೊಂಪೊನೆಟ್ ಕಾಣಿಸಿಕೊಳ್ಳುತ್ತದೆ. ಶುರುವಾಯಿತು ನೋಡಿ. ಬಾಯಿಗೆ ಬಂದ ಬೈಗುಳವೆಲ್ಲ ಬೆಕ್ಕಿಗೆ. ಈಗ ಬಂದೆಯಾ? ಪಾಪ ಪೊಂಪೊನ್, ಮೂಲೆ ಮೂಲೆ ಹುಡುಕಿದ, ಹೊಟ್ಟೆಗಿಲ್ಲದೆ ಕೊರಗಿದ, ನೀನು ಮಾತ್ರ ಬೀದಿಯಲ್ಲಿ ಕಂಡ ಯಾವನೋ ಅಬ್ಬೇಪಾರಿಯ ಹಿಂದೆ ಹೋದೆ. ಇವನಿಗಿಂತ ಅವನಲ್ಲಿ ಹೆಚ್ಚಿಗೆ ಏನಿತ್ತು? ರಾತ್ರಿ ಎಚ್ಚರವಾಗಿ, ನೀನು ಮಲಗಿರುವುದನ್ನು ನೋಡುತ್ತಾ ಕೂರುತ್ತಿದ್ದನೇ ಅವನು? ಹೀಗೆ ಬೈಯುತ್ತಾ ಬೈಯುತ್ತಾ ಬೀದಿಯ ಬೆಕ್ಕು ಅನ್ನುವ ಕಡೆ ‘ಬೀದಿಯ ಕುರಿಗಾಹಿ’ ಅಂದುಬಿಡುತ್ತಾನೆ. ನಾಲಗೆ ಜಾರಿತು. ಇಡೀ ಚಿತ್ರದಲ್ಲಿ ಅವನು ಮುಚ್ಚಿಟ್ಟದ್ದು ಒಂದು ಪದದ ಸಂದಿಯಲ್ಲಿ ಹೊರಗೆ ಬಂತು. ಅವಳಿಗೂ ತಿಳಿಯಿತು, ಅವನಿಗೂ ತಿಳಿಯಿತು.

ಆಮೇಲೆ ದನಿ ಇಳಿಯುತ್ತದೆ. ಹಸಿವಾಗಿ, ಚಳಿಯಾಗಿ ಬಂದಿದ್ದೀಯ, ಹೋಗು, ಅವನ ಪಾಲಿನ ಹಾಲು ಕುಡಿ, ಅವನಿಗೂ ಅದರಿಂದ ಸಂತೋಷವೇ. ಮತ್ತೆ ಹೋಗುವ ಮನಸ್ಸಿದ್ದರೆ ಈಗಲೇ ಹೇಳಿಬಿಡು, ಅಷ್ಟು ಕ್ರೂರ ಅನ್ನಿಸುವುದಿಲ್ಲ. ಉತ್ತರ ಕೊಡುವುದು ಬೆಕ್ಕಲ್ಲ, ಒರೆಲಿ. ಇನ್ನು ಹೋಗುವುದಿಲ್ಲ ಅನ್ನುತ್ತಾಳೆ, ಬೆಕ್ಕಿನ ಪರವಾಗಿ.

ನನಗೆ ಕಣ್ಣು ಮಂಜಾಗಿತ್ತು. ಪಕ್ಕದಲ್ಲಿದ್ದವಳ ಕಡೆ ತಿರುಗಿದರೆ ಅವಳು ಮುಖ ಗಂಟು ಹಾಕಿಕೊಂಡು ಕೂತಿದ್ದಳು.

“ಏನು, ಚೆನ್ನಾಗಿಲ್ವಾ?”

“ರೀ, ಆ ಹುಡುಗಿ ಒಂದು ಮಾತಾದ್ರೂ ಆಡಿದ್ಲಾ? ಎರಡು ಗಂಟೆಯಿಂದ ನೋಡ್ತಿದ್ದೀನಿ. ಊರೆಲ್ಲ ಮಾತಾಡ್ತು, ಪಾದ್ರಿ ಮಾತಾಡಿದ, ಆ ಮೀನಿನವನು ಅರ್ಧ ಗಂಟೆ ಮಾತಾಡಿದ. ಅವಳು ಯಾಕೆ ಹೋದ್ಲು ಅಂತ ಯಾರಾದ್ರೂ ಕೇಳಿದ್ರಾ?”

“ಅವನು ಕ್ಷಮಿಸಿದನಲ್ಲೇ.”

“ಬೆಕ್ಕಿನ ನೆಪದಲ್ಲಿ ಪೂರ್ತಿ ಬೈದು ಮುಗಿಸಿದ. ಅದೂ ಊಟಕ್ಕೆ ಕೂರಿಸಿ. ಊರಿಗೆ ಬೇಕಾಗಿದ್ದು ಅವಳಲ್ಲ, ಬ್ರೆಡ್ಡು.”

ಒಳಗೆ ಹೋಗಿ ಮಲಗಿಬಿಟ್ಟಳು. ಎರಡನೆಯ ಸಲ ನೋಡಿದಾಗ ಅವಳ ಮಾತು ಕಿವಿಯಲ್ಲೇ ಇತ್ತು, ಹಾಗಾಗಿ ಒರೆಲಿಯನ್ನೇ ನೋಡಿದೆ. ಜಿನೆಟ್ ಲೆಕ್ಲೆರ್ ಪಾತ್ರ. ಅಂಗಡಿಯ ಗಲ್ಲಾದ ಹಿಂದೆ ಕೂತು ಗಿರಾಕಿಗಳಿಗೆ ಬ್ರೆಡ್ ಕೊಡುವಾಗ ಅವಳ ಕಣ್ಣು ಎಲ್ಲೂ ಇಲ್ಲ. ಗಂಡ ಪಕ್ಕದಲ್ಲಿ ಹರಟುತ್ತಲೇ ಇರುತ್ತಾನೆ, ಒಳ್ಳೆಯ ಮಾತೇ, ಆದರೆ ಅವಳನ್ನು ಏನೂ ಕೇಳದ ಮಾತು. ಈ ಪಾತ್ರಕ್ಕೆ ಪಾನ್ಯೋಲ್ ಹಾಲಿವುಡ್ಡಿನ ಜೋನ್ ಕ್ರಾಫರ್ಡ್‌ಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ, ಆಕೆಗೆ ಫ್ರೆಂಚ್ ಬಾರದ್ದರಿಂದ ಮಾತು ಕಡಿಮೆ ಬರೆದ ಅಂತ ಹೇಳುವುದುಂಟು. ನಿಜವೇ ಇರಲಿ, ಅದು ಸಮಜಾಯಿಷಿಯಾಗುತ್ತದೆಯೇ ಹೊರತು ಉತ್ತರವಾಗುವುದಿಲ್ಲ. ಪಾದ್ರಿಯ ದನಿ ಕೇಳಿ ಹೆದರಿ ಓಟ ಕಿತ್ತ ಆ ಕುರಿ ಕಾಯುವವನ ಹುಸಿ ಶೌರ್ಯಕ್ಕೂ ಸಿನಿಮಾ ಇನ್ನಷ್ಟು ಜಾಗ ಕೊಡಬಹುದಿತ್ತು. ಅವನು ಬೈಸಿಕೊಳ್ಳದೆ ತಪ್ಪಿಸಿಕೊಂಡ, ಹೆಣ್ಣು ಬೆಕ್ಕು ಸಿಕ್ಕಿಬಿತ್ತು. ಮನೆಯವಳ ಪಾಯಿಂಟು ಸರಿ. ಬೆಕ್ಕಿನ ದೃಶ್ಯಕ್ಕೆ ನನ್ನ ಕಣ್ಣು ಮತ್ತೆ ಒದ್ದೆಯಾದದ್ದೂ ಸರಿ. ಎರಡನ್ನೂ ಕೂಡಿಸಿ ಭಾಗಿಸಿ ಒಂದು ಅಂಕಿ ಕೊಡುವುದು ನನ್ನ ಕೈಲಾಗದು.

ಡಿಸ್ಕಿನಲ್ಲಿ ಬೇರೆ ಏನೇನಿದೆ ಅಂತ ಕೇಳುವವರಿಗೆ: ಚಿತ್ರ 4ಕೆ ಯಲ್ಲಿ ಶುದ್ಧ ಮಾಡಿದ್ದು, ಎಂಬತ್ತು ದಾಟಿದ ಸಿನಿಮಾ ಅನ್ನಿಸುವುದಿಲ್ಲ. ಪಾನ್ಯೋಲ್ ಸ್ವತಃ ಕೂತು ಈ ಚಿತ್ರದ ಬಗ್ಗೆ ಆಡಿದ 1967ರ ಮುನ್ನುಡಿ ಇದೆ, ಟಿವಿಗೆ ಕೊಟ್ಟ ಸಂದರ್ಶನದ ತುಣುಕಿದೆ. ಚೆನ್ನಾಗಿರುವುದು ಲೆ ಕಾಸ್ತಲೆಗೆ ಮತ್ತೆ ಹೋಗಿ ಬಂದ ಸಣ್ಣ ಸುದ್ದಿಚಿತ್ರ. ವಿದ್ವಾಂಸರೊಬ್ಬರ ವಿವರಣೆಯ ಆಡಿಯೊ ಇಡೀ ಚಿತ್ರಕ್ಕಿಲ್ಲ, ಆಯ್ದ ದೃಶ್ಯಗಳಿಗೆ ಮಾತ್ರ. ಅದನ್ನು ಹತ್ತು ನಿಮಿಷ ಕೇಳಿ ಬಿಟ್ಟೆ. ಅವರು ತೂಕದ ಮನುಷ್ಯರು, ನನಗೆ ನಿದ್ದೆ ಬಂತು. ವಾನ್ಸಾಂ ಸ್ಕೊಟ್ಟೊನ ಸಂಗೀತ ಅಲ್ಲಲ್ಲಿ ತಟ್ಟನೆ ಜೋರಾಗುತ್ತದೆ, ರಾತ್ರಿ ನೋಡುವವರು ರಿಮೋಟು ಹತ್ತಿರ ಇಟ್ಟುಕೊಳ್ಳಿ. ಹೊಡೆದಾಟ, ಓಟ, ತಿರುವು ಬೇಕೆನ್ನುವವರಿಗೆ ಇದು ಬೇಡ. ನಡುವೆ ಊರಿನವರು ಸೇರಿ ಚರ್ಚೆ ಮಾಡುವ ಭಾಗ ಹಿಟ್ಟು ಜಾಸ್ತಿ ನೆನೆದ ಹಾಗೆ ಸಡಿಲವಾಗಿದೆ, ಹತ್ತು ನಿಮಿಷ ಕತ್ತರಿಸಿದ್ದರೆ ಏನೂ ಹೋಗುತ್ತಿರಲಿಲ್ಲ.

ಇನ್ನು ಮಾಸ್ಟರ್ ಮಾತು. ನಮ್ಮಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ, ಸಿನಿಮಾ ಅಂದರೆ ರಾಜ್‌ಕುಮಾರ್, ಆಮೇಲೆ ಇನ್ಯಾರೂ ಇಲ್ಲ. ಒಂದು ರಾತ್ರಿ ಹಿಟ್ಟು ಉಬ್ಬಲು ಇಟ್ಟು ಕಾಯುವ ಹೊತ್ತಿನಲ್ಲಿ, ಲ್ಯಾಪ್‌ಟಾಪ್ ಅನ್ನು ಮೈದಾ ಚೀಲದ ಮೇಲಿಟ್ಟು ಅವರಿಗೆ ಕಥೆ ಹೇಳಿ, ಒಲೆ ಇರುವ ದೃಶ್ಯಗಳನ್ನಷ್ಟೇ ತೋರಿಸಿದೆ. ಸುಟ್ಟ ಬ್ರೆಡ್ಡಿಗೆ “ತ್ಚ್” ಅಂದರು. ಬೆಕ್ಕಿಗೆ ಬೈಯುವಾಗ ಏನೂ ಅನ್ನಲಿಲ್ಲ, ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು, ಒಲೆಯ ಶಾಖ ಇತ್ತು ಅಂತ ಇಟ್ಟುಕೊಳ್ಳೋಣ. ಕೊನೆಯಲ್ಲಿ ಆರಿಹೋಗಿದ್ದ ಒಲೆಗೆ ಒರೆಲಿ ಬೆಂಕಿ ಹಚ್ಚುತ್ತಾಳೆ. ಮಾಸ್ಟರ್ ಪರದೆಯ ಹತ್ತಿರ ಬಗ್ಗಿ ನೋಡಿದರು.

“ಸಾರ್, ಒಲೆ ಇಷ್ಟು ದಿನ ತಣ್ಣಗಿತ್ತಲ್ವಾ?”

“ಹೌದು.”

“ಹಂಗಾದ್ರೆ ಮೊದಲ ಒಬ್ಬೆ ಸರಿಯಾಗಿ ಬೇಯಲ್ಲ. ತಳ ಹಸಿ ಇರುತ್ತೆ. ಅದನ್ನ ಮಾರಬಾರ್ದು ಅಂತ ಆಯಮ್ಮಂಗೆ ಯಾರಾದ್ರೂ ಹೇಳಿದ್ರಾ?”

ಗಡಿಯಾರ ನೋಡಿದರೆ ಎರಡೂ ಕಾಲು. ಹಿಟ್ಟು ತೊಟ್ಟಿಯ ಅಂಚಿಗೆ ಬಂದಿತ್ತು. ಲ್ಯಾಪ್‌ಟಾಪ್ ಮುಚ್ಚಿ, ಮೇಲಿನ ಮೈದಾ ಊದಿ, ಕೈ ತೊಳೆಯಲು ಎದ್ದೆವು.